ಎಂಬತ್ತರ ನಡುಕ: ರಿಪೇರಿಯಾದ ಹಳೆ ಕಾರಿನ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಪುಣೆಯ ಶಿವಾಜಿನಗರದ ಯಾವುದೋ ಗಲ್ಲಿಯ ಗ್ಯಾರೇಜಿನಲ್ಲಿ ಮುಂದಿನ ಚಕ್ರಗಳ ಕೆಲಸ ಮುಗಿಸಿಕೊಂಡು ಬಂದ ಹಳೆ ಕಾರು ಊರೊಳಗೆ ಯಾವ ತಕರಾರೂ ತೆಗೆಯುವುದಿಲ್ಲ. ಸಂಚೇತಿ ಚೌಕದ ಸಿಗ್ನಲ್, ವಿಶ್ವೇಶ್ವರಯ್ಯನವರು ಓದಿದ ಎಂಜಿನಿಯರಿಂಗ್ ಕಾಲೇಜಿನ ಗೇಟು, ಫರ್ಗ್ಯುಸನ್ ರಸ್ತೆಯಲ್ಲಿ ವೈಶಾಲಿ ಹೋಟೆಲಿನ ಮುಂದಿನ ಜನಜಂಗುಳಿ, ಎಲ್ಲ ಕಡೆಯೂ ಅದು ಸಾಧು. ಶನಿವಾರ ನಸುಕಿನಲ್ಲಿ ಬೆಳಗಾವಿಗೋ ಹುಬ್ಬಳ್ಳಿಗೋ ಎಂದು ಹೊರಟು, ಕಾತ್ರಜ್ ಸುರಂಗ ಹಿಂದೆ ಬಿದ್ದು, ಖೇಡ್ ಶಿವಾಪುರದ ಟೋಲ್ ದಾಟಿ, ಮುಳ್ಳು 80ರ ಹತ್ತಿರ ಬಂದಾಗ ಸ್ಟೇರಿಂಗ್ ನಡುಗಲು ಶುರು. ಪಕ್ಕದಲ್ಲಿ ಕೂತವರು “ಮೊನ್ನೆ ತಾನೇ ರಿಪೇರಿ ಮಾಡಿಸಿದ್ರಲ್ಲ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಪುಣೆಯಲ್ಲಿ ಸಿಗುವ ಉತ್ತರಗಳಲ್ಲಿ ಅರ್ಧಕ್ಕರ್ಧ ಊಹೆ. ಊಹೆಯ ಮೇಲೆ ಒಂದೊಂದೇ ಭಾಗ ಬದಲಾಯಿಸುತ್ತ ಹೋದರೆ ಕಾರಿನ ಬೆಲೆಗಿಂತ ಬಿಲ್ಲಿನ ಬೆಲೆ ಜಾಸ್ತಿಯಾಗುತ್ತದೆ.

ನಡುಕ ಎಲ್ಲಿ ಕಾಣುತ್ತದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಹೆಚ್ಚು ಹೇಳುತ್ತದೆ. ವೇಗಕ್ಕೋ, ಬ್ರೇಕಿಗೋ, ಆಕ್ಸಲರೇಟರಿಗೋ, ಎಂಜಿನ್ನಿನ ಸುತ್ತಿಗೋ? ಈ ಪ್ರಶ್ನೆ ಕೇಳದೆ ಪಾನಾ ಕೈಗೆತ್ತಿಕೊಂಡವರ ಮಾತನ್ನು ನಾನು ನಂಬುವುದಿಲ್ಲ.

ತಪ್ಪು ಕಲ್ಪನೆ: “ಇಲ್ಲೇ ಒಂದು ರೌಂಡ್ ಹೊಡೆದು ನೋಡಿದೆ ಸಾಹೇಬ್, ಗಾಡಿ ಸರಿ ಇದೆ.”

ವಾಸ್ತವ: ಶಿವಾಜಿನಗರದಲ್ಲಿ ಹೊಡೆಯುವ ರೌಂಡಿನಿಂದ ಈ ಕಾಯಿಲೆ ಗೊತ್ತಾಗುವುದೇ ಇಲ್ಲ. ಗಣೇಶಖಿಂಡ್ ರಸ್ತೆಯ ವಾಹನಗಳ ನಡುವೆ 40 ದಾಟುವುದೇ ಒಂದು ಸಾಧನೆ. ಲೆಕ್ಕ ಹಾಕಿ ನೋಡಿ. ಮಾರುತಿ 800ರ 12 ಇಂಚಿನ ಚಕ್ರದ ಸುತ್ತಳತೆ ಸುಮಾರು 1.6 ಮೀಟರ್. 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ 14 ಸುತ್ತು ಸುತ್ತುತ್ತದೆ. ಚಕ್ರದ ತೂಕ ಸಮವಾಗಲೆಂದು, ಅಂದರೆ ಬ್ಯಾಲೆನ್ಸಿಂಗಿಗೆಂದು, ರಿಮ್ಮಿನ ಅಂಚಿನಲ್ಲಿ ಅಂಟಿಸಿದ್ದ 20 ಗ್ರಾಂ ಸೀಸ ಬಿದ್ದುಹೋಗಿದೆ ಎಂದುಕೊಳ್ಳಿ. ಆ ವೇಗದಲ್ಲಿ ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಎರಡು ಕಿಲೋ ಭಾರಕ್ಕೂ ಮಿಗಿಲು, ಅದೂ ಸೆಕೆಂಡಿಗೆ 14 ಸಲ ದಿಕ್ಕು ತಿರುಗಿಸುತ್ತ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 40ರಲ್ಲಿ ಅದು ನಾಲ್ಕರಲ್ಲಿ ಒಂದು ಪಾಲು, ಅಂದರೆ ಅರ್ಧ ಕಿಲೋದ ಆಸುಪಾಸು. ಹಳೆ ಕಾರಿನ ಸಡಿಲ ಬುಶ್‌ಗಳೇ ಅದನ್ನು ನುಂಗಿಬಿಡುತ್ತವೆ.

ಇನ್ನೊಂದು ವಿಚಾರ. ಸ್ಪ್ರಿಂಗಿಗೂ ಟೈರಿನ ರಬ್ಬರಿಗೂ ನಡುವೆ ಸಿಕ್ಕಿಕೊಂಡ ಚಕ್ರಕ್ಕೆ ತನ್ನದೇ ಕಂಪನದ ಲಯವಿದೆ, ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15. ಉಯ್ಯಾಲೆಯನ್ನು ಅದು ವಾಲುವ ಲಯಕ್ಕೇ ತಳ್ಳಿದರೆ ಸಣ್ಣ ಕೈಯೂ ದೊಡ್ಡ ತೂಗು ಕೊಡುತ್ತದಲ್ಲ, 80ರ ಆಸುಪಾಸಿನಲ್ಲಿ ಆಗುವುದು ಅದೇ. 100 ದಾಟಿದರೆ ಎಷ್ಟೋ ಕಾರುಗಳು ಶಾಂತವಾಗುತ್ತವೆ. “ಸ್ಪೀಡ್ ಜಾಸ್ತಿ ಮಾಡಿದರೆ ಹೋಗುತ್ತೆ” ಎಂದು ಅದನ್ನೇ ಔಷಧ ಮಾಡಿಕೊಂಡವರಿದ್ದಾರೆ. ನಡುಕ ಕಡಿಮೆಯಾದರೂ ಎಳೆಯುವ ಬಲ ಏರುತ್ತಲೇ ಇರುತ್ತದೆ, ಬೇರಿಂಗು ಅದರ ಏಟು ತಿನ್ನುತ್ತಲೇ ಇರುತ್ತದೆ.

ಹೀಗಾಗಿ ಟ್ರಯಲ್ ಬೇಕಾದರೆ ಹೆದ್ದಾರಿಯೇ ಬೇಕು. ಬೆಳಿಗ್ಗೆ ಬೇಗ, ಮೆಕ್ಯಾನಿಕ್‌ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬೆಂಗಳೂರು ಹೆದ್ದಾರಿಯ ಕಡೆ ಒಮ್ಮೆ ಹೋಗಿ ಬನ್ನಿ. ಹೊರಡುವ ಮುಂಚೆ ಚಕ್ರದ ನಟ್ಟುಗಳನ್ನು ಕೈಯಾರೆ ಪರೀಕ್ಷಿಸಿ. ರಿಪೇರಿಯಾದ ಕೂಡಲೇ ಬಂದ ನಡುಕಕ್ಕೆ ಸಡಿಲ ನಟ್ಟು ಅತಿ ಅಗ್ಗದ ಕಾರಣ, ಅತಿ ಅಪಾಯದ್ದೂ ಹೌದು.

ತಪ್ಪು ಕಲ್ಪನೆ: “ರೋಡೇ ಹಾಗಿದೆ.”

ವಾಸ್ತವ: ಪುಣೆಯಲ್ಲಿ ಈ ಮಾತು ಬಹುತೇಕ ಸಲ ನಿಜವೇ. ಆದರೆ ಇದನ್ನು ಒರೆಗೆ ಹಚ್ಚಲು ಜಂಗಲಿ ಮಹಾರಾಜ ರಸ್ತೆಯೇ ಇದೆ. 1970ರ ದಶಕದಲ್ಲಿ ರೆಕಾಂಡೊ ಎಂಬ ಕಂಪನಿ ಹತ್ತು ವರ್ಷದ ಭರವಸೆ ಕೊಟ್ಟು ಹಾಕಿದ ಈ ರಸ್ತೆ ದಶಕಗಳ ಕಾಲ ಗುಂಡಿಯಿಲ್ಲದೆ ಬಾಳಿದ್ದು ಊರಿನ ದಂತಕಥೆ. ಅಂಥ ನೆಲದ ಮೇಲೂ ಚಕ್ರ ಸುತ್ತಿದ ಲಯಕ್ಕೇ ಕಾರು ಅದುರಿದರೆ ಪಾಲಿಕೆಯನ್ನು ಬಯ್ಯಬೇಡಿ. ರಸ್ತೆಯ ಏಟಿಗೆ ಲಯವಿರುವುದಿಲ್ಲ, ಚಕ್ರದ ದೋಷಕ್ಕೆ ಇರುತ್ತದೆ.

ತಪ್ಪು ಕಲ್ಪನೆ: “ನಡುಗುತ್ತಿದೆಯೆ? ಅಲೈನ್‌ಮೆಂಟ್ ಮಾಡಿಸಿ.”

ವಾಸ್ತವ: ಟೈರ್ ಅಂಗಡಿಯ ಫಲಕದಲ್ಲಿ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಜೋಡಿಯಾಗಿಯೇ ಇರುವುದರಿಂದ ಎರಡೂ ಒಂದೇ ಎಂಬ ಭಾವನೆ ಬೇರೂರಿದೆ. ಅಲೈನ್‌ಮೆಂಟ್ ಎಂದರೆ ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಎಂಬುದು. ಕೋನ ತಪ್ಪಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಹಾಗೆ ವಕ್ರವಾಗಿ ಸವೆದ ಟೈರು ತಿಂಗಳುಗಳ ಮೇಲೆ ಅದುರಬಹುದು, ಆದರೆ ಕೋನವೇ ನಡುಕ ಹುಟ್ಟಿಸುವುದಿಲ್ಲ. ಟೈ ರಾಡ್ ಎಂಡ್ ಅಥವಾ ಲೋವರ್ ಆರ್ಮ್ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ, ಅದು ಬೇರೆ ಮಾತು. ಪ್ಲೇ ಇರುವ ಜಾಯಿಂಟ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲಷ್ಟೇ ಹಸಿರು.

ತಪ್ಪು ಕಲ್ಪನೆ: “ಬ್ಯಾಲೆನ್ಸಿಂಗ್ ಆಗಿದೆ. ಇನ್ನು ಟೈರಿನ ಮೇಲೆ ಅನುಮಾನ ಬೇಡ.”

ವಾಸ್ತವ: ಬ್ಯಾಲೆನ್ಸಿಂಗ್ ಯಂತ್ರ ತೂಕ ನೋಡುತ್ತದೆ, ಆಕಾರವನ್ನಲ್ಲ. ಮೊಟ್ಟೆಯಾಕಾರದ ಟೈರಿಗೂ ಸೀಸ ಅಂಟಿಸಿ ಸೊನ್ನೆ ತೋರಿಸಬಹುದು, ನೆಲದ ಮೇಲೆ ಅದು ಸುತ್ತಿಗೊಮ್ಮೆ ಕಾರನ್ನು ಎತ್ತಿ ಇಳಿಸುತ್ತದೆ. ಮಳೆಗಾಲ ಪೂರ್ತಿ ಸೊಸೈಟಿಯ ಪಾರ್ಕಿಂಗಿನಲ್ಲಿ ಕದಲದೆ ನಿಂತ ಹಳೆ ಕಾರಿನ ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ. ಒಳಗಿನ ಉಕ್ಕಿನ ಪದರ ಬಿಟ್ಟುಕೊಂಡ ಟೈರು ಮೇಲಿನಿಂದ ಹೊಸದರ ಹಾಗೇ ಕಾಣುತ್ತದೆ. ಟ್ರೆಡ್ ಚೆನ್ನಾಗಿ ಉಳಿದಿದೆ ಎಂದು ಸಮಾಧಾನಪಡುವ ಮೊದಲು ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ಓದಿ: 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಜ್ಯಾಕ್ ಹಾಕಿ ಚಕ್ರ ಮೆಲ್ಲಗೆ ತಿರುಗಿಸಿ, ಟೈರಿನ ಪಕ್ಕ ಒಂದು ಪೆನ್ಸಿಲನ್ನು ಅಲುಗಾಡದಂತೆ ಹಿಡಿದರೆ ಉಬ್ಬು ತಾನಾಗಿ ಬಂದು ತಾಗುತ್ತದೆ.

ಕೂರಿಸುವುದರಲ್ಲೂ ತಪ್ಪಾಗುತ್ತದೆ. ಆಮೇಲೆ ಹಾಕಿಸಿದ ಅಲಾಯ್ ವ್ಹೀಲಿನ ನಡುವಿನ ರಂಧ್ರ ಸಾಮಾನ್ಯವಾಗಿ ಚಕ್ರ ಕೂರುವ ಹಬ್ಬಿಗಿಂತ ದೊಡ್ಡದು, ಆ ಅಂತರ ತುಂಬಲು ಒಂದು ತೆಳು ಉಂಗುರ ಇರುತ್ತದೆ. ರಿಪೇರಿಯ ಗಡಿಬಿಡಿಯಲ್ಲಿ ಆ ಉಂಗುರ ಗ್ಯಾರೇಜಿನ ನೆಲದ ಮೇಲೆ ಉಳಿದುಹೋದರೆ ಚಕ್ರ ಕೂದಲೆಳೆಯಷ್ಟು ಆಚೀಚೆ ಕೂರುತ್ತದೆ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಅದು ಪರಿಪೂರ್ಣ, ಕಾರಿನ ಮೇಲೆ ಮಾತ್ರ ವಕ್ರ. ಗಾಳಿಯ ಗನ್ನಿನಿಂದ ಒಂದೇ ನಟ್ಟನ್ನು ಪೂರ್ತಿ ಬಿಗಿದು ಆಮೇಲೆ ಪಕ್ಕದ್ದಕ್ಕೆ ಹೋಗುವ ಅಭ್ಯಾಸದಿಂದಲೂ ಹೀಗೇ ಆಗುತ್ತದೆ. ಎದುರುಬದುರಿನ ಕ್ರಮದಲ್ಲಿ ಸ್ವಲ್ಪಸ್ವಲ್ಪವಾಗಿ, ಕೊನೆಗೆ ಟಾರ್ಕ್ ಪಾನಾದಿಂದ ಬಿಗಿಯಬೇಕು.

ಹೆಚ್ಚು ಖರ್ಚಿಲ್ಲದ ಪರೀಕ್ಷೆಯೊಂದಿದೆ, ಯಾಕೋ ಯಾರೂ ಮಾಡುವುದಿಲ್ಲ. ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ, ನೆಲಕ್ಕೆ ಇಳಿದರೆ ತಪ್ಪು ಚಕ್ರದ್ದು. ಸ್ಟೇರಿಂಗಿನಲ್ಲೇ ಉಳಿದರೆ ಹಬ್ಬು, ಡಿಸ್ಕು, ಜಾಯಿಂಟುಗಳ ಕಡೆ ನೋಡಿ.

ತಪ್ಪು ಕಲ್ಪನೆ: “ರಿಪೇರಿ ಆದ ಮೇಲೇ ಬಂತು, ಅಂದರೆ ಮೆಕ್ಯಾನಿಕ್ ಕೆಡಿಸಿದ.” ಇದರ ಜೋಡಿ ಕಲ್ಪನೆ ಗ್ಯಾರೇಜಿನದು: “ನಾವು ಮುಟ್ಟಿದ್ದು ಬೇರೆ, ನಡುಗುತ್ತಿರುವುದು ಬೇರೆ.”

ವಾಸ್ತವ: ಎರಡಕ್ಕೂ ಅರ್ಧ ಸತ್ಯದ ಬಲವಿದೆ. ಮೊದಲು ಮಾಡಬೇಕಾದ್ದು ಜಾಬ್ ಕಾರ್ಡ್ ಓದುವುದು. ಯಾವ ಭಾಗ ಬದಲಾಯಿತು ಎಂಬುದರ ಜೊತೆಗೆ, ಅದನ್ನು ಬದಲಾಯಿಸಲು ಇನ್ನೇನೇನು ಬಿಚ್ಚಿದರು ಎಂದೂ ಕೇಳಬೇಕು. ಇಂಡಿಕಾದಂಥ ಮುಂದಿನ ಚಕ್ರಕ್ಕೆ ಶಕ್ತಿ ಹರಿಯುವ ಕಾರಿನಲ್ಲಿ ಕ್ಲಚ್ ಕೆಲಸವೆಂದರೆ ಗೇರ್ ಬಾಕ್ಸ್ ಇಳಿಸಬೇಕು, ಅದಕ್ಕೆ ಎರಡೂ ಆಕ್ಸಲ್ ಎಳೆಯಬೇಕು, ಬಾಲ್ ಜಾಯಿಂಟ್ ಬಿಚ್ಚಬೇಕು, ಪುಣೆಯ ಮಿಸ್ತ್ರಿಗಳು ಫೌಂಡೇಶನ್ ಎನ್ನುವ ಎಂಜಿನ್ ಮೌಂಟಿಂಗ್ ಸಡಿಲಿಸಬೇಕು. ಬಿಲ್ಲಿನಲ್ಲಿ “ಕ್ಲಚ್ ಪ್ಲೇಟ್” ಎಂದು ಒಂದೇ ಸಾಲಿರುತ್ತದೆ. ಕೈ ಬಿದ್ದದ್ದು ಮಾತ್ರ ಇಡೀ ಮುಂಭಾಗದ ಮೇಲೆ.

ಬೇರಿಂಗ್ ಬದಲಾಯಿಸಿದ್ದರೆ ಅದನ್ನು ಹೇಗೆ ಕೂರಿಸಿದರು ಎಂದು ವಿಚಾರಿಸಿ. ಒತ್ತುವ ಬಲ ತಪ್ಪು ರಿಂಗಿನ ಮೂಲಕ ಹಾಯ್ದರೆ ಒಳಗಿನ ಗುಂಡುಗಳು ತಮ್ಮ ಹಾದಿಯಲ್ಲೇ ಕಣ್ಣಿಗೆ ಕಾಣದ ತಗ್ಗುಗಳನ್ನು ಒತ್ತುತ್ತವೆ. ಹೊಸ ಬೇರಿಂಗು ಸ್ವಲ್ಪ ದಿನದಲ್ಲೇ ಗುಂಯ್‌ಗುಡುತ್ತದೆ, ತಿರುವಿನಲ್ಲಿ ಭಾರ ಆ ಬದಿಗೆ ಬಿದ್ದಾಗ ಸದ್ದು ಏರುತ್ತದೆ. ಲೋವರ್ ಆರ್ಮ್‌ನ ಬುಶ್‌ಗೂ ಹೀಗೊಂದು ಗುಟ್ಟಿದೆ. ಕಾರು ಜ್ಯಾಕಿನ ಮೇಲಿದ್ದು ಚಕ್ರ ಜೋತುಬಿದ್ದಾಗಲೇ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ ಮತ್ತು ಬೇಗ ಹರಿಯುತ್ತದೆ. ಕೊನೆಯ ಬಿಗಿ ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ.

ಇನ್ನು ಗ್ಯಾರೇಜಿನವರ ಪರವಾಗಿ. ಸವೆದ ಬುಶ್, ಸಡಿಲ ಟೈ ರಾಡ್ ಎಂಡ್ ಇದ್ದ ಕಾರಿನಲ್ಲಿ ಟೈರಿನ ಸಣ್ಣ ದೋಷ ದಾರಿಯಲ್ಲೇ ಕರಗಿಹೋಗುತ್ತಿರುತ್ತದೆ. ಹೊಸ ಬಿಗಿ ಭಾಗ ಹಾಕಿದ ಮೇಲೆ ಅದೇ ದೋಷ ನೇರವಾಗಿ ಕೈಗೆ ಬಂದು ಮುಟ್ಟುತ್ತದೆ. ಇಲ್ಲಿ ರಿಪೇರಿ ನಡುಕವನ್ನು ಹುಟ್ಟಿಸಲಿಲ್ಲ, ಮುಚ್ಚಿದ್ದನ್ನು ತೆರೆಯಿತು. ಮಿಸ್ತ್ರಿಯ ಮೇಲೆ ಎಗರಾಡುವ ಮುಂಚೆ ಈ ಸಾಧ್ಯತೆಯನ್ನೂ ನೋಡಬೇಕು. ಹೊಸ ಭಾಗವೆಂದ ಮಾತ್ರಕ್ಕೆ ಅದು ಒಳ್ಳೆಯ ಭಾಗವೂ ಆಗಿರಬೇಕಿಲ್ಲ. ನಿಂತುಹೋದ ಮಾದರಿಗಳಿಗೆ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದೇ ಸಾಮಾನಿಗೆ ಹಲವು ಬೆಲೆ. ಹಳೆಯ ಭಾಗವನ್ನು ವಾಪಸ್ ಕೇಳಿ ಇಟ್ಟುಕೊಂಡರೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಬಹುದು.

ತಪ್ಪು ಕಲ್ಪನೆ: “ಬ್ರೇಕ್ ಒತ್ತಿದಾಗ ನಡುಗಿದರೆ ಡಿಸ್ಕ್ ಬಿಸಿಗೆ ಡೊಂಕಾಗಿದೆ ಎಂದೇ ಅರ್ಥ.”

ವಾಸ್ತವ: ಖಂಬಾಟ್ಕಿ ಘಾಟು ಹತ್ತಿ ಸುರೂರಿನ ಕಡೆ ಇಳಿಯುವಾಗ ಪೆಡಲ್ಲು ಕಾಲಡಿಯಲ್ಲಿ ಮಿಡಿಯತೊಡಗಿದರೆ ಎಲ್ಲರ ಬಾಯಲ್ಲೂ ಇದೇ ತೀರ್ಪು. ಎರಕದ ಕಬ್ಬಿಣದ ಡಿಸ್ಕು ಹಪ್ಪಳದ ಹಾಗೆ ಸೊಟ್ಟಗಾಗುವುದು ಅಪರೂಪ. ಬಹಳ ಸಲ ಆಗಿರುವುದು ದಪ್ಪದ ವ್ಯತ್ಯಾಸ. ಅದರ ಮೂಲವನ್ನು ಹುಡುಕಿಕೊಂಡು ಹೋದರೆ ತಿಂಗಳುಗಳ ಹಿಂದಿನ ಬ್ರೇಕ್ ಕೆಲಸಕ್ಕೆ ಬಂದು ನಿಲ್ಲುತ್ತೀರಿ.

ನಡೆಯುವುದು ಹೀಗೆ. ಹಳೆ ಡಿಸ್ಕ್ ತೆಗೆದಾಗ ಹಬ್ಬಿನ ಮುಖದ ಮೇಲೆ ತುಕ್ಕಿನ ಪದರ ಇರುತ್ತದೆ. ಅದನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಡಿಸ್ಕು ಓರೆ. ಹಬ್ಬು ಚಿಕ್ಕದು, ಡಿಸ್ಕು ಅಗಲ. ಹಾಗಾಗಿ ನಡುವಿನ ಸಣ್ಣ ಓರೆ ಅಂಚಿಗೆ ಬರುವಷ್ಟರಲ್ಲಿ ದೊಡ್ಡದಾಗಿರುತ್ತದೆ. ಬಹುತೇಕ ಕಾರುಗಳಲ್ಲಿ ಅಂಚಿನ ಓಲಾಟ ಮಿಲಿಮೀಟರಿನ ಹತ್ತನೇ ಒಂದು ಭಾಗ ದಾಟಬಾರದು. ದಾಟಿದರೂ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಆದರೆ ಬ್ರೇಕ್ ಒತ್ತದೆ ಓಡುವಾಗಲೂ ಓಲಾಡುವ ಡಿಸ್ಕಿನ ಒಂದು ಜಾಗ ಸುತ್ತಿಗೊಮ್ಮೆ ಪ್ಯಾಡಿಗೆ ಸವರಿ ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹಾಗೆ ಸವರಿದ ಮೇಲೆ ಆ ಜಾಗ ತೆಳುವಾಗುತ್ತದೆ. ಕೆಲವು ಪ್ಯಾಡುಗಳಲ್ಲಿ ಇದರ ಬದಲು ಪ್ಯಾಡಿನ ಪದಾರ್ಥವೇ ಡಿಸ್ಕಿನ ಮೇಲೆ ತೇಪೆತೇಪೆಯಾಗಿ ಅಂಟುತ್ತದೆ. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗದ ವ್ಯತ್ಯಾಸವನ್ನೂ ಪೆಡಲ್ಲಿನ ಮೇಲಿರುವ ಕಾಲು ಗುರುತಿಸಬಲ್ಲದು.

“ಬ್ರೇಕ್ ಕೆಲಸ ದೀಪಾವಳಿಗೇ ಆಗಿದ್ದು, ನಡುಕ ಈಗ ಬಂದಿದೆ, ಸಂಬಂಧವಿಲ್ಲ” ಎನ್ನುವ ವಾದ ಇಲ್ಲಿ ಬಿದ್ದುಹೋಗುತ್ತದೆ. ಡಿಸ್ಕನ್ನು ಲೇಥಿಗೆ ಕೊಟ್ಟು ಮುಖ ತೆಗೆಸಿ ಅದೇ ತುಕ್ಕಿನ ಮೇಲೆ ಮತ್ತೆ ಕೂರಿಸಿದರೆ ಇನ್ನಷ್ಟು ತಿಂಗಳಿಗೆ ಅದೇ ಕಥೆ. ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜ್ ಇಟ್ಟು ಓಲಾಟ ಅಳೆಯಲು ಹೆಚ್ಚು ಹೊತ್ತು ಬೇಡ. ಆಟೊಮೊಬೈಲ್ ಉದ್ಯಮದಿಂದಲೇ ಹೆಸರಾದ ಊರಿನಲ್ಲಿ ಆ ಗೇಜು ಎಷ್ಟೋ ಗ್ಯಾರೇಜುಗಳಲ್ಲಿ ಕಾಣದಿರುವುದು ನನಗೆ ಅಚ್ಚರಿ.

ತಪ್ಪು ಕಲ್ಪನೆ: “ಆಕ್ಸಲ್ ಕೆಟ್ಟರೆ ಟಕ್‌ಟಕ್ ಸದ್ದು ಬರಲೇಬೇಕು.”

ವಾಸ್ತವ: ತಿರುವಿನಲ್ಲಿ ಟಕ್‌ಟಕ್ ಎನ್ನುವುದು ಹೊರಗಿನ ಜಾಯಿಂಟ್. ಒಳಗಿನ ಜಾಯಿಂಟ್ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ, ಅದುರುತ್ತದೆ. ಆಕ್ಸಲರೇಟರ್ ಒತ್ತಿದಾಗ ಮುಂಭಾಗ ಎಡಬಲಕ್ಕೆ ಅಲ್ಲಾಡಿ, ಕಾಲು ತೆಗೆದ ತಕ್ಷಣ ನಿಂತರೆ ಮೊದಲ ಅನುಮಾನ ಅದರ ಮೇಲೆ. ಕ್ಲಚ್ ಕೆಲಸದಲ್ಲಿ ಆಕ್ಸಲ್ ಎಳೆದಾಗ ಒಳಗಿನ ರೋಲರ್‌ಗಳು ಜಾಗ ತಪ್ಪಿದ್ದರೂ ಹೀಗಾಗುತ್ತದೆ, ರಬ್ಬರ್ ಬೂಟು ಹರಿದು ಗ್ರೀಸ್ ಸೋರಿದ್ದರೂ ಹೀಗೇ.

ಟಾಟಾ ಸುಮೊ, ಬೊಲೆರೊ, ಓಮ್ನಿ ಇಟ್ಟುಕೊಂಡವರಿಗೆ ಕಥೆ ಬೇರೆ. ಅವುಗಳಲ್ಲಿ ಶಕ್ತಿ ಹರಿಯುವುದು ಹಿಂದಿನ ಚಕ್ರಕ್ಕೆ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ. ಅದರ ಎರಡು ತುದಿಯ ಯೂನಿವರ್ಸಲ್ ಜಾಯಿಂಟುಗಳು, ಅಂದರೆ ಕ್ರಾಸ್‌ಗಳು ಒಂದರ ಏರಿಳಿತವನ್ನು ಇನ್ನೊಂದು ಅಳಿಸುವಂತೆ ಹೊಂದಿಕೊಂಡಿರಬೇಕು. ಗುರುತು ಹಾಕಿಕೊಳ್ಳದೆ ಬಿಚ್ಚಿ ಹೇಗೋ ಜೋಡಿಸಿದರೆ ಆ ಹೊಂದಾಣಿಕೆ ಹೋಗುತ್ತದೆ. ಶಾಫ್ಟು ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಬೇಗ ತಿರುಗುವುದರಿಂದ ಈ ಅದುರು ಸ್ಟೇರಿಂಗಿನ ತೂಗಾಟದಂತಿರದೆ ಕಾಲಡಿಯ ಝುಂ ಎಂಬ ಗುಂಗಿನಂತಿರುತ್ತದೆ. ಮುಂದಿನ ಸೀಟಿನ ಕೆಳಗೇ ಕೇಳಿಸುವುದರಿಂದ ಜನ ಮುಂದಿನ ಚಕ್ರಗಳನ್ನು ಬಿಚ್ಚಿಸುತ್ತಾರೆ.

ತಪ್ಪು ಕಲ್ಪನೆ: “ಎಂಜಿನ್ ನಡುಕವೋ ಚಕ್ರದ ನಡುಕವೋ ಹೇಳಲು ಕಂಪ್ಯೂಟರೇ ಬೇಕು.”

ವಾಸ್ತವ: ಖಾಲಿ, ಸಮತಟ್ಟು, ನೇರ ರಸ್ತೆಯಲ್ಲಿ ನಡುಕ ಬರುವ ವೇಗ ಮುಟ್ಟಿ ಗೇರನ್ನು ನ್ಯೂಟ್ರಲ್‌ಗೆ ತಂದರೆ ಸಾಕು. ಎಂಜಿನ್ನಿನ ಸುತ್ತು ಇಳಿದರೂ ನಡುಕ ಉಳಿದರೆ ಚಕ್ರದ ಕಡೆಯದು, ಇಳಿದೊಡನೆ ಹೋದರೆ ಎಂಜಿನ್, ಮೌಂಟಿಂಗ್, ಕ್ಲಚ್, ಆಕ್ಸಲ್ ಕಡೆಯದು. ಘಾಟಿನಲ್ಲಿ ಇದನ್ನು ಮಾಡಲೇಬಾರದು. ಕೀ ಅಂತೂ ತಿರುಗಿಸಲೇಬೇಡಿ: ಎಂಜಿನ್ ನಿಂತರೆ ಬ್ರೇಕಿನ ಬೂಸ್ಟರ್ ಬಲ ಹೋಗುತ್ತದೆ, ಕೀ ಹೊರಬಂದರೆ ಸ್ಟೇರಿಂಗ್ ಲಾಕ್ ಆಗುತ್ತದೆ.

ತಪ್ಪು ಕಲ್ಪನೆ: “ಆರ್‌ಟಿಓ ಪಾಸಾಗಿದೆ, ಗಾಡಿಗೆ ಏನೂ ಆಗಿಲ್ಲ.”

ವಾಸ್ತವ: 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ತಪಾಸಣೆಗೆ ನಿಂತ ಪುಣೆಯ ಎಂಎಚ್-12 ಫಲಕದ ಹಳೆ ಗಾಡಿಗಳ ಸಾಲು ನೋಡಿದವರಿಗೆ ಗೊತ್ತು, ಅಲ್ಲಿ ಯಾರೂ 80ಕ್ಕೆ ಓಡಿಸುವುದಿಲ್ಲ.

ತಪ್ಪು ಕಲ್ಪನೆ: “ಹಳೆ ಗಾಡಿ ಅಂದಮೇಲೆ ನಡುಗುವುದೇ.”

ವಾಸ್ತವ: ಯಾವ ನಡುಕ ಎಂದು ಕೇಳಬೇಕು. 80ರಲ್ಲಿ ಸ್ಟೇರಿಂಗ್ ನಡುಗುವುದು ವಯಸ್ಸಿನ ಲಕ್ಷಣ ಅಲ್ಲವೇ ಅಲ್ಲ. ಜ್ಯಾಕ್ ಮೇಲಿಟ್ಟ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದಾಗ ಪ್ಲೇ ಸಿಕ್ಕರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡ-ಬಲ ಅಲುಗಿಸಿದಾಗ ಸಿಕ್ಕರೆ ಟೈ ರಾಡ್ ಕಡೆ, ಎರಡನ್ನೂ ಮುಂದೂಡುವಂತಿಲ್ಲ. ಆದರೆ ಮಾರುತಿ 800 ಸಿಗ್ನಲ್ಲಿನಲ್ಲಿ ನಿಂತಾಗ ಕೊಂಚ ಅದುರಿದರೆ ಅದು ಮೂರು ಸಿಲಿಂಡರಿನ ಎಂಜಿನ್ನಿಗೆ ಸಹಜ. ಮೊದಲ ತಲೆಮಾರಿನ ಇಂಡಿಕಾ ಡೀಸೆಲ್ ಪಿಂಪ್ರಿಯಿಂದ ಹೊಸದಾಗಿ ಹೊರಬಂದಾಗಲೂ ನಿಂತಲ್ಲಿ ಗದಗುಟ್ಟುತ್ತಿತ್ತು. ಮೌಂಟಿಂಗಿನ ರಬ್ಬರ್ ಬಿರುಕು ಬಿಟ್ಟಿದೆಯೇ, ಕುಸಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಬಿಟ್ಟಿದ್ದರೆ ಬದಲಾಯಿಸಿ. ಬಿಟ್ಟಿಲ್ಲದಿದ್ದರೆ ಆ ದುಡ್ಡನ್ನು ಎರಡು ಹೊಸ ಟೈರಿಗೆ ಇಟ್ಟುಕೊಳ್ಳಿ.